ಬೆಟ್ಟದ ಎರಡು ಲೆಕ್ಕಗಳು

ನಮ್ಮ ನುಡಿಯಲ್ಲಿ ‘ಗಣಿ’ ಎಂಬುದು ಹೊಗಳಿಕೆಯ ಮಾತು. ಸಜ್ಜನನೊಬ್ಬನನ್ನು ಮೆಚ್ಚಿದರೆ ಅವನನ್ನು ಗುಣಗಳ ಗಣಿ ಎನ್ನುತ್ತೇವೆ; ವಿದ್ವಾಂಸನನ್ನು ಜ್ಞಾನದ ಗಣಿ ಎನ್ನುತ್ತೇವೆ. ಭೂಮಿಗೆ ನಾವಿಟ್ಟ ಹೆಸರುಗಳಲ್ಲಿ ರತ್ನಗರ್ಭೆ ಎಂಬುದೂ ಒಂದು, ವಸುಂಧರೆ ಎಂಬುದೂ ಒಂದು. ಇವೆರಡೂ ಅವಳ ಒಡಲೊಳಗಿನ ಐಶ್ವರ್ಯವನ್ನು ಕುರಿತ ಮಾತುಗಳು. ಮೈಮೇಲಿನ ಐಶ್ವರ್ಯವನ್ನು ಕುರಿತು ಸಸ್ಯಶ್ಯಾಮಲೆ ಎಂಬ ಮಾತೂ ಉಂಟು. ಆದರೆ ಕಾಲಾಂತರದಲ್ಲಿ ಒಂದು ವಿಚಿತ್ರವಾದ ಪಾಲುಪಟ್ಟಿ ನಡೆದುಹೋಗಿದೆ: ಸಸ್ಯಶ್ಯಾಮಲೆ ಕವಿಗಳ ಪಾಲಿಗೆ ಬಂದಳು, ರತ್ನಗರ್ಭೆ ಎಂಜಿನಿಯರರ ಪಾಲಿಗೆ ಹೋದಳು. ಇಬ್ಬರೂ ಒಬ್ಬಳೇ ಎಂಬುದು, ಬೆಟ್ಟವೊಂದನ್ನು ಅಗೆಯುವ ಯೋಜನೆ ಮೇಜಿನ ಮೇಲೆ ಬಂದಾಗ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಬಹಳ ತಡವಾಗಿ ಆಗುತ್ತದೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿದವನು. ಹಾಗೆಂದು ಕಬ್ಬಿಣವೇ ಬೇಡ ಎನ್ನುವ ಪಂಗಡಕ್ಕೆ ಸೇರಿದವನಲ್ಲ. ಗಿಡ ಕೀಳುವ ಗುದ್ದಲಿಯೂ ಕಬ್ಬಿಣದ್ದೇ. ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕರೆದೊಯ್ದ ಬಸ್ಸೂ ಕಬ್ಬಿಣದ್ದೇ. ನನ್ನ ಪ್ರಶ್ನೆ ಅಗೆಯಬೇಕೇ ಬೇಡವೇ ಎಂಬುದಕ್ಕಿಂತ ಒಂದು ಹೆಜ್ಜೆ ಹಿಂದಿನದು: ಅಗೆಯುವುದಕ್ಕೆ ಮುಂಚೆ ಏನನ್ನು ಎಣಿಸಬೇಕು, ಯಾವಾಗ ಎಣಿಸಬೇಕು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ದೊಡ್ಡದೊಂದು ಉದಾಹರಣೆ ಇದೆ. ಅದು ಕುದುರೆಮುಖ.

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಗಂಗಾಮೂಲದಿಂದ ಕುದುರೆಮುಖದವರೆಗೆ ಹಬ್ಬಿರುವ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರರು 1913ರಲ್ಲಿ ಗುರುತಿಸಿದರು. ಮಳೆ, ಜಿಗಣೆ, ದಾರಿಯಿಲ್ಲದ ಕಾಡು, ಇವುಗಳ ನಡುವೆ ಆ ಕಾಲದಲ್ಲಿ ಕಲ್ಲು ಆಯುತ್ತ ನಡೆದ ಆ ವಿದ್ವಾಂಸರ ಶ್ರಮವನ್ನು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ಅದು ಬೆಟ್ಟದ ಮೊದಲನೆಯ ಲೆಕ್ಕ.

ಎರಡನೆಯ ಲೆಕ್ಕವನ್ನು ಬರೆದವರಲ್ಲಿ ಒಬ್ಬರ ಹೆಸರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ದಕ್ಷಿಣ ಭಾರತದ ಕಪ್ಪೆಗಳನ್ನು ಕುರಿತು 1937ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಹೊಸದಾಗಿ ವರ್ಣಿಸಿದ ಒಂದು ಪುಟ್ಟ ಕಪ್ಪೆಗೆ, ಅದು ಸಿಕ್ಕಿದ ಊರಾದ ಕೊಟ್ಟಿಗೆಹಾರದ ಹೆಸರನ್ನೇ ಇಟ್ಟರು. ಚಾರ್ಮಾಡಿ ಘಾಟಿಯನ್ನು ಇಳಿಯುವ ಮುನ್ನ ಕಾಫಿ ಕುಡಿಯಲು ಬಸ್ಸು ನಿಲ್ಲುತ್ತದಲ್ಲ, ಅದೇ ಕೊಟ್ಟಿಗೆಹಾರ. ಅಲ್ಲಿ ಇಳಿದು ಕಾಫಿ ಕುಡಿದ ಸಾವಿರಾರು ಜನರಲ್ಲಿ ಆ ಊರಿನ ಹೆಸರನ್ನು ಹೊತ್ತ ಕಪ್ಪೆಯೊಂದುಂಟೆಂದು ಬಲ್ಲವರು ಎಷ್ಟು ಮಂದಿಯೋ! ಈ ಕುಲದ ಕಪ್ಪೆಗಳಿಗೆ ಇಂದು ‘ನರ್ತಿಸುವ ಕಪ್ಪೆ’ ಎಂಬ ಹೆಸರು. ತೊರೆಯ ಭೋರ್ಗರೆತದಲ್ಲಿ ಕೂಗಿನ ಜೊತೆಗೆ ಕಣ್ಣಿಗೆ ಕಾಣುವ ಸನ್ನೆಯೂ ಬೇಕಾಗಿ, ಗಂಡುಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸುತ್ತದೆ. 2014ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟಗಳಿಂದ ಈ ಕುಲದ 14 ಹೊಸ ಪ್ರಭೇದಗಳನ್ನು ಒಟ್ಟಿಗೆ ವರ್ಣಿಸಿದರು. ನಾರಾಯಣರಾಯರು ತೆರೆದ ಪುಸ್ತಕದ ಪುಟಗಳು ಇನ್ನೂ ಮುಗಿದಿಲ್ಲವೆಂದಾಯಿತು.

ಒಂದೇ ಸೀಮೆಯ ಬೆಟ್ಟಗಳು, ಒಂದೇ ಸಂಸ್ಥಾನ, ಇಪ್ಪತ್ತನಾಲ್ಕು ವರ್ಷಗಳ ಅಂತರದಲ್ಲಿ ಇಬ್ಬರು ಕನ್ನಡ ನಾಡಿನ ವಿಜ್ಞಾನಿಗಳು. ಒಬ್ಬರ ಬರಹ ಸರ್ಕಾರದ ಕಪಾಟಿನಿಂದ ಯೋಜನಾ ಭವನದವರೆಗೆ ಪ್ರಯಾಣ ಮಾಡಿತು. ಇನ್ನೊಬ್ಬರದು ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿಯಿತು.

1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನ್ ದೇಶ 63 ಕೋಟಿ ಡಾಲರ್ ಸಾಲ ಕೊಡುವುದು, ಸಿದ್ಧವಾದ ಅದಿರನ್ನು ತಾನೇ ಕೊಳ್ಳುವುದು ಎಂದು ಒಪ್ಪಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಸಾಲವೂ ನಡುವೆಯೇ ನಿಂತಿತು, ಗಿರಾಕಿಯೂ ಹೋದನು. ಆದರೂ ಕೆಲಸ ನಿಲ್ಲಲಿಲ್ಲ. ಮಳೆಗಾಲದಲ್ಲಿ ಮನುಷ್ಯ ಮನುಷ್ಯನಿಗೆ ಕಾಣದಷ್ಟು ಮಂಜು ಕವಿಯುವ ಆ ನಾಡಿನಲ್ಲಿ ಗಣಿ, ಕಾರ್ಖಾನೆ, ಊರು ಎದ್ದು ನಿಂತದ್ದು ನಮ್ಮ ಎಂಜಿನಿಯರರ ಸಾಹಸವೇ ಸರಿ. ಅದಿರು ಉತ್ತಮ ದರ್ಜೆಯದಲ್ಲ. ಸುಮಾರು ಮೂರು ಟನ್ನು ಬೆಟ್ಟವನ್ನು ಅರೆದು ಅಯಸ್ಕಾಂತದಿಂದ ಸೋಸಿದರೆ ಒಂದು ಟನ್ನು ಮಾರುವ ಸರಕು. ಸೋಸಿದ್ದನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಒಯ್ಯುವ ವ್ಯವಸ್ಥೆ. ವರ್ಷಕ್ಕೆ 75 ಲಕ್ಷ ಟನ್ನು ಸರಕೆಂಬುದು ಮೂಲ ವಿನ್ಯಾಸ. ಹಾಗಾದರೆ ಉಳಿದ ಎರಡು ಪಾಲು? ಆ ಕೆಸರಿಗಾಗಿ ಲಕ್ಯಾ ಹೊಳೆಗೆ ಅಡ್ಡವಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದರು. ನೀರಿಗಾಗಿ ಕಟ್ಟೆ ಕಟ್ಟಿದ್ದನ್ನು ನಮ್ಮ ಶಾಸನಗಳಲ್ಲಿ ಓದಿದ್ದೇವೆ. ಕೆಸರಿಗಾಗಿ ಒಂದು ಕಣಿವೆಯನ್ನೇ ಮೀಸಲಿಟ್ಟದ್ದು ಈ ಕಾಲದ ವಿಶೇಷ.

ಒಮ್ಮೆ ವಿದ್ಯಾರ್ಥಿಗಳೊಡನೆ ಆ ಅಣೆಯನ್ನು ದೂರದಿಂದ ನೋಡಿದ್ದೇನೆ. ಹಸುರು ಗುಡ್ಡಗಳ ನಡುವೆ ಚಪ್ಪಟೆಯಾಗಿ ಹರಡಿದ ಆ ಬಯಲು ಮೊದಲ ನೋಟಕ್ಕೆ ಕೆರೆಯಂತೆ ಕಾಣುತ್ತದೆ. ಹುಡುಗಿಯೊಬ್ಬಳು ಕೇಳಿದಳು: “ಇದರ ಕೆಳಗೆ ಏನಿತ್ತು, ಸರ್?” ಸರಳವಾದ ಪ್ರಶ್ನೆ. ಒಂದು ಹೊಳೆ, ಅದರ ಎರಡು ದಡದ ಕಾಡು, ಹುಲ್ಲು ಎಂದು ಹೇಳಬಹುದು. ಆದರೆ ಅವಳು ಕೇಳಿದ್ದು ಹೆಸರುಗಳನ್ನು. ಯಾವ ಜಾತಿಯ ಮರ, ಯಾವ ಕಪ್ಪೆ, ಯಾವ ಮೀನು? ಕಣಿವೆಯೊಂದು ಮುಚ್ಚಿಹೋಗುವ ಮುಂಚೆ ಅದರ ನಿವಾಸಿಗಳ ಪಟ್ಟಿ ಮಾಡಬೇಕೆಂಬ ನಿಯಮವೇ ಆ ಯೋಜನೆ ಸಿದ್ಧವಾದಾಗ ಇರಲಿಲ್ಲ. ಪರಿಸರದ ಮೇಲಾಗುವ ಪರಿಣಾಮವನ್ನು ಮುಂಚಿತವಾಗಿ ಅಳೆಯಬೇಕೆಂಬುದು ನಮ್ಮಲ್ಲಿ ಶಾಸನಬದ್ಧವಾದದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಲಕ್ಯಾ ಕಣಿವೆಯಲ್ಲಿ ಕೆಸರು ಎಷ್ಟೋ ಆಳಕ್ಕೆ ತುಂಬಿತ್ತು.

ಆ ಬೆಟ್ಟಗಳ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಘಟ್ಟದ ಆ ಎತ್ತರದಲ್ಲಿ ಕಾಡು ಎಲ್ಲೆಡೆಯೂ ಹರಡಿಕೊಂಡಿಲ್ಲ. ನೆತ್ತಿಯ ಮೇಲೆಲ್ಲ ಹುಲ್ಲು. ಮಡಿಕೆಗಳಲ್ಲಿ, ತೊರೆ ಹರಿಯುವ ಸಂದುಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಶೋಲೆ. ದೂರದಿಂದ ನೋಡಿದರೆ ಹಸುರು ಶಾಲಿನ ಮಡಿಕೆಗಳಲ್ಲಿ ಕಪ್ಪು ಅಂಚು ಹಾಕಿದಂತೆ. ಹುಲ್ಲೂ ಶೋಲೆಯೂ ಸೇರಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ಹಿಡಿದು ಮೆಲ್ಲಮೆಲ್ಲನೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ, ಮೂವರಿಗೂ ಇಲ್ಲಿಯೇ ತವರು. ಆದರೆ ನಮ್ಮ ಕಂದಾಯದ ಭಾಷೆಯಲ್ಲಿ ಮರವಿಲ್ಲದ ನೆಲಕ್ಕೆ ‘ಬಂಜರು’ ಎಂದು ಹೆಸರು. ಆ ಹೆಸರಿನ ಬಲದಿಂದಲೇ ಹುಲ್ಲುಗುಡ್ಡಗಳ ಮೇಲೆ ಅಕೇಶಿಯಾದಂತಹ ಪರದೇಶದ ಮರಗಳನ್ನು ನೆಟ್ಟು ‘ಹಸುರೀಕರಣ’ ಎಂದು ಬೀಗಿದ್ದೂ ಉಂಟು. ಹುಲ್ಲುಗಾವಲಿನ ಮೇಲೆ ತೋಪು ಬೆಳೆಸುವುದು, ಕನ್ನಡದ ಪುಸ್ತಕವನ್ನು ಕಿತ್ತು ಆ ಜಾಗದಲ್ಲಿ ಬಿಳಿಯ ಕಾಗದದ ದಪ್ಪ ಕಟ್ಟೊಂದನ್ನು ಇಟ್ಟಂತೆ. ತೂಕ ಹೆಚ್ಚೇ ಇರಬಹುದು.

ತಗ್ಗಿನ ನಿತ್ಯಹರಿದ್ವರ್ಣದ ಕಾಡಿನಲ್ಲಿ ಸಿಂಗಳೀಕನಿದ್ದಾನೆ. ಕಪ್ಪು ಮೋರೆಯ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಅವನಿಗೆ ಮನೆಯಿಲ್ಲ. ನೆಲಕ್ಕೆ ಇಳಿಯುವುದು ಅಪರೂಪ. ಒಂದು ಮರದ ಕೊಂಬೆಯಿಂದ ಇನ್ನೊಂದರ ಕೊಂಬೆಗೆ ಎಟಕುವಷ್ಟು ಕಾಡು ಕೂಡಿಕೊಂಡಿದ್ದರೆ ಮಾತ್ರ ಅವನ ಸಂಸಾರ ನಡೆಯುತ್ತದೆ. ನಕ್ಷೆಯ ಮೇಲೆ ಪೆನ್ಸಿಲಿನ ಗೆರೆಯಷ್ಟೇ ಆಗಿ ಕಾಣುವ ರಸ್ತೆಯೋ ಕೊಳವೆಯ ದಾರಿಯೋ ಅವನಿಗೆ ಕಡಲು. ಕರ್ನಾಟಕದಲ್ಲಿ ಸಿಂಗಳೀಕಗಳ ಸ್ಥಿತಿಗತಿಯನ್ನು ಕೆ. ಉಲ್ಲಾಸ ಕಾರಂತರು ಸಮೀಕ್ಷೆ ಮಾಡಿದ್ದು 1983-84ರಲ್ಲಿ. ಅದರ ಫಲವಾಗಿ 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಓದುಗರು ಈ ವರ್ಷಗಳ ಕ್ರಮವನ್ನು ಗಮನಿಸಬೇಕು. 1976ರಲ್ಲಿ ಕಂಪನಿ, 1980ರಲ್ಲಿ ಅದಿರು, 1984ರಲ್ಲಿ ಸಿಂಗಳೀಕನ ಲೆಕ್ಕ, 1987ರಲ್ಲಿ ಉದ್ಯಾನ. ಮದುವೆಯಾಗಿ ಮಕ್ಕಳಾದ ಮೇಲೆ ಜಾತಕ ನೋಡಿದಂತೆ.

ಇನ್ನು ನೀರಿನ ವಿಷಯ. ತೆರೆದ ಗಣಿಯ ಮೇಲೆ ಅಂತಹ ಮಳೆ ಬಿದ್ದರೆ ಏನಾಗುತ್ತದೆಂದು ಹೇಳಲು ವಿಜ್ಞಾನಿ ಬೇಕಿಲ್ಲ. ಆದರೂ ಜಗದೀಶ ಕೃಷ್ಣಸ್ವಾಮಿ ಮತ್ತು ಅವರ ಸಂಗಡಿಗರು ಭದ್ರೆಯ ಹೂಳನ್ನು ಅಳತೆ ಮಾಡಿ, ಜಲಾನಯನದ ಚಿಕ್ಕದೊಂದು ಭಾಗವಾದ ಗಣಿಯಿಂದ ಅದರ ವಿಸ್ತಾರಕ್ಕೆ ಮೀರಿದ ಪ್ರಮಾಣದ ಹೂಳು ಬರುವುದನ್ನೂ, ಅದರ ಬಹುಭಾಗ ಕೆಲವೇ ದಿನಗಳ ಬಿರುಮಳೆಯಲ್ಲಿ ಇಳಿದುಹೋಗುವುದನ್ನೂ ತೋರಿಸಿದರು. ಈ ಹೂಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಕೆಳಗಿನ ಜಲಾಶಯದ ಆಯುಸ್ಸನ್ನೂ ಬಯಲಿನ ಗದ್ದೆಗಳನ್ನೂ ಹೇಳುತ್ತಾರೆ, ಅದು ನ್ಯಾಯವೇ. ನಾನು ನರ್ತಿಸುವ ಕಪ್ಪೆಯ ಮರಿಯನ್ನೂ ಸೇರಿಸುತ್ತೇನೆ. ಈ ಕುಲದ ಗೊದ್ದಮೊಟ್ಟೆಗಳು ನೀರಿನಲ್ಲಿ ಈಜಾಡುವುದಿಲ್ಲ, ತೊರೆಯ ತಳದ ಮರಳು ಜಲ್ಲಿಯೊಳಗೆ ಹೂತುಕೊಂಡು ಬೆಳೆಯುತ್ತವೆ ಎಂಬುದು 2016ರಲ್ಲಿ ಲೋಕಕ್ಕೆ ತಿಳಿಯಿತು. ಜಲ್ಲಿಯ ಸಂದುಗಳಲ್ಲಿ ನೀರು ಆಡುತ್ತಿರಬೇಕು. ನುಣ್ಣನೆಯ ಹೂಳು ಆ ಸಂದುಗಳನ್ನು ಮೆತ್ತಿದರೆ ತೊಟ್ಟಿಲಿಗೇ ಮಣ್ಣು ಹಾಕಿದಂತೆ. ಗಣಿಯ ಯೋಜನೆ ಮಾಡುವವನಿಗೆ 2016ರ ಸಂಗತಿ 1976ರಲ್ಲಿ ತಿಳಿದಿರಬೇಕಿತ್ತೆಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದು ಬಹಳವಿದೆಯೆಂಬುದಾದರೂ ತಿಳಿದಿರಬಹುದಾಗಿತ್ತು.

ಗಣಿಯ ಗುತ್ತಿಗೆ 1999ರಲ್ಲಿ ಮುಗಿಯಿತು. ಕಂಪನಿ ಮುಂದುವರಿಕೆಯನ್ನು ಕೇಳಿತು. ನೆಲ್ಲಿಬೀಡು, ಗಂಗಡಿಕಲ್ಲು ಎಂಬ ಹೊಸ ಬೆಟ್ಟಗಳ ಮಾತೂ ಬಂದಿತು. ಮಲೆನಾಡಿನಲ್ಲಿ ದೊಡ್ಡ ಚಳವಳಿಯಾಯಿತು. ನಾಗರಹೊಳೆಯ ಕಾಡನ್ನು ಕಾದು ಹೆಸರಾದ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು. ಅದರಂತೆ 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಇದೇ ಬೆಟ್ಟಸಾಲು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿಗೆ ಕಥೆ ಸುಖಾಂತವೆಂದು ಬರೆಯುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಗಣಿ ನಿಂತ ದಿನ ಸಾವಿರಾರು ಸಂಸಾರಗಳ ಬೇರು ಅಲ್ಲಾಡಿತು. ಕಾರ್ಮಿಕರ ಮಕ್ಕಳು ಹುಟ್ಟಿ ಬೆಳೆದ ಊರು ಅದು. ಅವರ ಶಾಲೆ, ಆಟದ ಬಯಲು, ಅಂಗಡಿ ಬೀದಿಗಳೆಲ್ಲ ಬಿಕೋ ಎಂದವು. ಅವರು ಮಾಡಿದ ಅಪರಾಧವೇನು? ಸಿಂಗಳೀಕನ ಪಕ್ಷ ವಹಿಸಿದವರು ಈ ಪ್ರಶ್ನೆಯನ್ನು ಅವಸರದಲ್ಲಿ ದಾಟಿಹೋಗಬಾರದು. ಎರಡನೆಯ ಲೆಕ್ಕವನ್ನು ಮೊದಲೇ ತೆಗೆದಿದ್ದರೆ ಆ ಊರು ಇನ್ನೆಲ್ಲಿಯೋ, ಮೂವತ್ತು ವರ್ಷಕ್ಕೆ ಅಳಿಯದ ನೆಲೆಯಲ್ಲಿ ಏಳಬಹುದಾಗಿತ್ತು. ತಡವಾದ ಲೆಕ್ಕದ ದಂಡವನ್ನು ಕಾಡು ಒಂದು ಕಡೆ ತೆತ್ತಿತು, ಕೂಲಿಯವನು ಇನ್ನೊಂದು ಕಡೆ ತೆತ್ತನು.

ಈಗ ಕಾನೂನು ಇದೆ. 1994ರ ಅಧಿಸೂಚನೆಯ ಸ್ಥಾನದಲ್ಲಿ 2006ರದು ಬಂದಿದೆ. ಗಣಿ ಮಾಡಬೇಕೆನ್ನುವವರು ಪರಿಣಾಮದ ವರದಿಯನ್ನು ಸಿದ್ಧಪಡಿಸಿ, ಊರವರ ಅಹವಾಲನ್ನು ಕೇಳಿ, ಅನುಮತಿ ಪಡೆಯಬೇಕು. ಕಾಗದದ ಮೇಲೆ ಇದು ಸೊಗಸಾಗಿಯೇ ಇದೆ. ಆದರೆ ವರದಿ ಬರೆಯುವ ಸಲಹೆಗಾರನನ್ನು ನೇಮಿಸುವವನೂ ಸಂಬಳ ಕೊಡುವವನೂ ಗಣಿಯ ಯಜಮಾನನೇ. ವರನ ಗುಣದೋಷವನ್ನು ವರನ ಕಡೆಯ ದಲ್ಲಾಳಿಯಿಂದಲೇ ಕೇಳಿ ತಿಳಿದಂತೆ. ಅದಕ್ಕಿಂತಲೂ ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಗಣಿ ಯೋಜನೆಗಳಿಗೆ ಕೇಂದ್ರದ ಪರಿಸರ ಮಂತ್ರಾಲಯ ಗೊತ್ತುಪಡಿಸಿದ ಮಾದರಿ ಷರತ್ತುಗಳಲ್ಲಿ ಗಾಳಿ, ನೀರು, ಮಣ್ಣುಗಳ ಜೊತೆಗೆ ಸಸ್ಯ ಪ್ರಾಣಿಗಳ ಮೂಲಮಾಹಿತಿಯನ್ನೂ ಒಂದು ಋತುವಿನಲ್ಲಿ ಸಂಗ್ರಹಿಸಿದರೆ ಸಾಕೆಂದಿದೆ. ಆ ಋತುವೂ ಮಳೆಗಾಲವಾಗಿರಬಾರದು. ಧೂಳನ್ನು ಅಳೆಯಲು ಬೇಸಗೆಯೇ ಸರಿ, ಒಪ್ಪಿದೆ. ಆದರೆ ನಮ್ಮ ನಾಡಿನಲ್ಲಿ ಜೀವ ಮೈದೋರುವುದೇ ಮಳೆಯಲ್ಲಲ್ಲವೇ? ಬಂಡೆಯ ಮೇಲಿನ ಗೌರಿಹೂ, ನೆಲದ ಸೀತಾಳೆ, ಹುತ್ತದ ಬದಿಯ ಅಣಬೆ, ಮಣ್ಣಿನೊಳಗಿಂದ ಏಳುವ ಕಾಲಿಲ್ಲದ ಕಪ್ಪೆಯ ಬಂಧು, ಪೊದೆಪೊದೆಯಲ್ಲಿ ಟಿಕ್ ಟಿಕ್ ಎನ್ನುವ ಪೊದೆಗಪ್ಪೆ, ಇವೆಲ್ಲ ಆಷಾಢ ಶ್ರಾವಣಗಳ ಪ್ರಜೆಗಳು. ಮಾಘಮಾಸದಲ್ಲಿ ಹೋಗಿ ಎಣಿಸಿದವನು ‘ವಿಶೇಷವಾದ ಜೀವಿಗಳೇನೂ ಕಂಡುಬರಲಿಲ್ಲ’ ಎಂದು ಬರೆದರೆ ಅವನು ಸುಳ್ಳು ಹೇಳಿದನೆನ್ನುವಂತಿಲ್ಲ. ಜಾತ್ರೆ ಮುಗಿದ ಮಾರನೆಯ ದಿನ ಹೋಗಿ ಊರಿನಲ್ಲಿ ತೇರಿಲ್ಲವೆಂದು ವರದಿ ಮಾಡಿದನಷ್ಟೆ.

ಒಂದು ವರ್ಷ ಪೂರ್ತಿ ನೋಡಿದರೂ ಸಾಲದೆನ್ನುವ ಸಸ್ಯಗಳಿವೆ. 2022ರಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಇಳಿಜಾರುಗಳು ನೀಲಿಯಾದದ್ದನ್ನು ಅನೇಕರು ನೋಡಿರಬಹುದು. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಕಾಯಿಕಟ್ಟಿ, ಸಾಯುತ್ತದೆ. ನಡುವಿನ ವರ್ಷಗಳಲ್ಲಿ ಅದು ಹೆಸರಿಲ್ಲದ ಕುರುಚಲು. ಅದರ ಬಂಧುಗಳ ಗುರುತು ಹಿಡಿಯಲು ಹೂವೇ ಆಧಾರ. ಆದ್ದರಿಂದಲೇ ಬೆಟ್ಟದ ಲೆಕ್ಕವನ್ನು ಅವಸರದ ಸಮೀಕ್ಷಕನೊಬ್ಬನಿಗೆ ವಹಿಸಲಾಗದು. ಹಳೆಯ ಸಸ್ಯಸಂಗ್ರಹಗಳು, ಸುತ್ತಲ ಕಾಲೇಜುಗಳ ಟಿಪ್ಪಣಿಗಳು, ದನ ಕಾಯುವವರ ಮತ್ತು ಜೇನು ಕೀಳುವವರ ನೆನಪು ಎಲ್ಲವನ್ನೂ ಸೇರಿಸಿಕೊಳ್ಳಬೇಕು.

ಈ ವಿಷಯದಲ್ಲಿ ತಿಳಿದವರು ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತಾರೆ. ಹಾನಿಯನ್ನು ತಪ್ಪಿಸು, ತಪ್ಪಿಸಲಾಗದಿದ್ದರೆ ತಗ್ಗಿಸು, ಆದದ್ದನ್ನು ಮತ್ತೆ ಸರಿಪಡಿಸು, ಕಡೆಗೂ ಉಳಿದುದಕ್ಕೆ ಬೇರೆಡೆಯಲ್ಲಿ ಬದಲು ಕೊಡು. ಕ್ರಮ ಮುಖ್ಯ. ನಮ್ಮಲ್ಲಿಯಾದರೋ ಮೊದಲ ಮೆಟ್ಟಿಲನ್ನು ಹಾರಿ ಕೊನೆಯ ಮೆಟ್ಟಿಲಿಗೇ ಕಾಲಿಡುವ ಅಭ್ಯಾಸ. ಇಷ್ಟು ಮರ ಹೋಗುತ್ತದೆ, ಇಷ್ಟು ಸಸಿ ನೆಡುತ್ತೇವೆ ಎಂದರೆ ಜಮಾಖರ್ಚು ಸರಿಹೋಯಿತು! ‘ತಪ್ಪಿಸು’ ಎಂಬ ಮಾತಿಗೆ ಅರ್ಥವಿರುವುದು ನಕ್ಷೆಯ ಮೇಲೆ ಗೆರೆ ಬೀಳುವುದಕ್ಕೆ ಮುಂಚೆ ಮಾತ್ರ. ಗುತ್ತಿಗೆಯ ಎಲ್ಲೆ ನಿರ್ಧಾರವಾಗಿ, ಹಣ ಹೂಡಿ, ಜನರಿಗೆ ಉದ್ಯೋಗದ ಆಸೆ ಹುಟ್ಟಿದ ಮೇಲೆ ಜೀವವಿಜ್ಞಾನಿಯನ್ನು ಕರೆದರೆ ಅವನು ಮಾಡಬಹುದಾದದ್ದು ತಗ್ಗಿಸುವ ಮಾತಷ್ಟೆ.

ಇದು ಹಳೆಯ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕುದುರೆಮುಖದಲ್ಲಿ ಗಣಿ ಕಳೆದುಕೊಂಡ ಕಂಪನಿಗೆ ಮಂಗಳೂರಿನಲ್ಲಿ ಕಾರ್ಖಾನೆ ಉಳಿಯಿತು, ಅದಕ್ಕೆ ಅದಿರು ಬೇಕಾಯಿತು. 2017ರಲ್ಲಿ ಅದಕ್ಕಾಗಿ ಬಳ್ಳಾರಿ ಜಿಲ್ಲೆಯ ಸಂಡೂರಿನ ಸ್ವಾಮಿಮಲೆ ಅರಣ್ಯದಲ್ಲಿ ದೇವದಾರಿ ಬೆಟ್ಟವನ್ನು ಕಾಯ್ದಿರಿಸಿದರು. ಸುಮಾರು 400 ಹೆಕ್ಟೇರ್ ಅರಣ್ಯ. ಕಡಿಯಬೇಕಾದ ಮರಗಳು 99,000ಕ್ಕೂ ಮಿಕ್ಕಿ. 2024ರ ಜೂನಿನಲ್ಲಿ ಕೇಂದ್ರದ ಉಕ್ಕು ಮಂತ್ರಿಗಳು ಕಡತಕ್ಕೆ ಸಹಿ ಮಾಡಿದರು. ಅದೇ ತಿಂಗಳು ರಾಜ್ಯದ ಅರಣ್ಯ ಮಂತ್ರಿಗಳು ಭೂಮಿಯನ್ನು ಹಸ್ತಾಂತರಿಸಬಾರದೆಂದು ಸೂಚಿಸಿದರು. ಕುದುರೆಮುಖದ ಅರಣ್ಯದ ಬಾಬ್ತು ಕಂಪನಿ ತೀರಿಸಬೇಕಾದ ಹಳೆಯ ಬಾಕಿ ಅವರು ಮುಂದಿಟ್ಟ ಕಾರಣಗಳಲ್ಲೊಂದು.

ಸಂಡೂರು ಘಟ್ಟದಂತಹ ಮಳೆಯ ನಾಡಲ್ಲ. ಬಳ್ಳಾರಿಯ ಬಯಲು ಸೀಮೆಯ ನಡುವೆ ಎದ್ದು ನಿಂತ ಕೆಂಪು ಬೆಟ್ಟಗಳ ಬಳಸು, ನಡುವೆ ಕಣಿವೆ, ಓಬಳಗಂಡಿಯಲ್ಲಿ ಬೆಟ್ಟವನ್ನು ಸೀಳಿ ಹೊರಡುವ ನಾರಿಹಳ್ಳ, ಪ್ರಾಚೀನವಾದ ಪಾರ್ವತಿ, ಕುಮಾರಸ್ವಾಮಿಯರ ಗುಡಿಗಳು. ಸುತ್ತ ಬಿಸಿಲು ಕಾದಾಗಲೂ ಮಡಿಕೆಗಳಲ್ಲಿ ತಂಪು. ಮಿತಿಮೀರಿದ ಅಗೆತದಿಂದ ಈ ಸೀಮೆ ಪಟ್ಟ ಪಾಡನ್ನೂ, 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದನ್ನೂ ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ.

ದೇವದಾರಿಯ ಚರ್ಚೆಯಲ್ಲಿ ಎರಡು ಪಕ್ಷದವರೂ ಆ ಮರಗಳ ಸಂಖ್ಯೆಯನ್ನೇ ಹಿಡಿದು ಮಾತನಾಡಿದರು. ಮರದ ಎಣಿಕೆ ಸುಲಭ; ಕಾಂಡಕ್ಕೆ ಸಂಖ್ಯೆ ಬರೆಯಬಹುದು. ಆದರೆ ಬಂಡೆಗಳ ನಡುವೆ ಬಾಳುವ ಹಳದಿ ಕತ್ತಿನ ಪಿಕಳಾರಕ್ಕೆ ಸಂಖ್ಯೆ ಬರೆಯುವುದೆಲ್ಲಿ? ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಹೊರಗೆ ಎಲ್ಲಿಯೂ ಇರದ ಹಕ್ಕಿ ಅದು. ಬೆಟ್ಟದ ಮೇಲಣ ಹುಲ್ಲಿಗೆ, ಅದರಡಿಯ ರಂಧ್ರಮಯವಾದ ಅದಿರಿನ ಪದರ ಹೀರಿ ಇಟ್ಟುಕೊಳ್ಳುವ ಮಳೆನೀರಿಗೆ, ಆ ನೀರು ಬುಗ್ಗೆಯಾಗಿ ಏಳುವ ಜಾಗಕ್ಕೆ ಅರಣ್ಯದ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ಅಷ್ಟು ಮರಕ್ಕೆ ಬದಲಾಗಿ ಬೇರೆಡೆ ಎರಡರಷ್ಟು ಸಸಿ ನೆಟ್ಟರೂ ಅವು ಈ ಬುಗ್ಗೆಯನ್ನು ಅಲ್ಲಿಗೆ ಕೊಂಡೊಯ್ಯಲಾರವು.

ಆದ್ದರಿಂದ ಇಂತಹ ಯೋಜನೆಯ ಕಡತದಲ್ಲಿ ಹಣಕಾಸಿನ ಹಾಳೆಗಿಂತ ಮುಂಚೆ ಇರಬೇಕಾದ ಕೆಲವು ಹಾಳೆಗಳನ್ನು ನಾನು ಹುಡುಕುತ್ತೇನೆ. ಮಳೆಗಾಲವೂ ಸೇರಿ ಕನಿಷ್ಠ ಒಂದು ಪೂರ್ಣ ವರ್ಷದ ಜೀವಿಗಳ ದಾಖಲೆ, ಅದನ್ನು ಬರೆದವರ ಹೆಸರಿನೊಡನೆ, ಎಲ್ಲರೂ ಓದುವಂತೆ. ಆ ಬೆಟ್ಟವನ್ನು ಬಿಟ್ಟರೆ ಇನ್ನೆಲ್ಲಿಯೂ ಅಥವಾ ಬಹಳ ಕಡೆ ಇಲ್ಲದ ಜೀವಿಗಳು ಯಾವುವೆಂಬ ಮಾತು. ಎಲ್ಲಿ ಮುಟ್ಟಲೇಬಾರದೆಂದು ಗುರುತು ಮಾಡಿದ ನಕ್ಷೆ. ಅದು ಅದಿರಿನ ನಕ್ಷೆ ಸಿದ್ಧವಾಗುವ ಕಾಲಕ್ಕೇ ಸಿದ್ಧವಾದದ್ದು. ಗಣಿಗುಂಡಿಯೊಂದನ್ನೇ ಅಲ್ಲದೆ ಲಾರಿಯ ದಾರಿ, ಕಸದ ಗುಡ್ಡ, ಕೆಸರಿನ ಕಟ್ಟೆ ಇವೆಲ್ಲ ಎಲ್ಲೆಲ್ಲಿ ಬೀಳುತ್ತವೆಂಬುದು. ನೆರೆಯ ಗಣಿಗಳೊಡನೆ ಕೂಡಿಸಿ ನೋಡಿದ ಒಟ್ಟು ಭಾರ, ಏಕೆಂದರೆ ನಾರಿಹಳ್ಳ ಗುತ್ತಿಗೆಗಳ ಎಲ್ಲೆ ನೋಡಿ ಹರಿಯುವುದಿಲ್ಲ. ಗಣಿ ಮುಚ್ಚುವ ದಿನ ಕಾರ್ಮಿಕರು ಎಲ್ಲಿಗೆ ಹೋಗಬೇಕೆಂಬ ಹಾಳೆಯನ್ನೂ ನಾನು ಇದೇ ಕಟ್ಟಿನಲ್ಲಿ ಕಟ್ಟುತ್ತೇನೆ. ಮತ್ತು ಕಡೆಯದಾಗಿ ಒಂದು ಖಾಲಿ ಸಾಲು: ಇದನ್ನೆಲ್ಲ ನೋಡಿದ ಮೇಲೆ ‘ಇಲ್ಲಿ ಬೇಡ’ ಎಂದು ಬರೆಯಲು ಅವಕಾಶ.

ಸಂಡೂರು, ಹೊಸಪೇಟೆ, ಬಳ್ಳಾರಿಗಳಲ್ಲಿ ಕಾಲೇಜುಗಳಿವೆ. ಅವುಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ಹುಡುಗರಿದ್ದಾರೆ, ಕಲಿಸುವ ನನ್ನ ಕಸಬಿನ ಬಂಧುಗಳಿದ್ದಾರೆ. ಪ್ರತಿ ವರ್ಷ ಪ್ರವಾಸಕ್ಕೆಂದು ಊಟಿಗೋ ಮುನ್ನಾರಿಗೋ ಹೊರಡುವ ಬಸ್ಸು ಒಂದು ಸಲ ಮುಂಗಾರಿನ ಮೊದಲ ಮಳೆಗಳು ಬಿದ್ದ ವಾರದಲ್ಲಿ ಸ್ವಾಮಿಮಲೆಯ ಬುಡಕ್ಕೆ ಹೋಗಿ ನಿಲ್ಲಬಹುದು. ಸೆಂಟ್ರಲ್ ಕಾಲೇಜಿನ ಮೇಷ್ಟರು ಕೊಟ್ಟಿಗೆಹಾರದ ಕಪ್ಪೆಯನ್ನು ಬರೆದಿಟ್ಟದ್ದು ಯಾವ ಗಣಿಯನ್ನು ತಡೆಯುವುದಕ್ಕೂ ಅಲ್ಲ. ಅಂಥದೊಂದು ಅಲ್ಲಿ ಇದೆಯೆಂದು ಬರೆದರು, ಅಷ್ಟೇ. ಕಡತಗಳು ಮತ್ತೆ ಚಲಿಸುವ ಮುಂಚೆ ದೇವದಾರಿಯಲ್ಲಿ ಏನೇನಿದೆಯೆಂದು ಬರೆದ ಅಂತಹ ಒಂದು ಪುಸ್ತಕ, ಕನ್ನಡದಲ್ಲಿಯೇ ಆದರೂ ಆಗಲಿ, ಬಳ್ಳಾರಿಯ ಯಾವುದಾದರೊಂದು ಕಾಲೇಜಿನ ಕಪಾಟಿನಲ್ಲಿ ಇರಲಿ.